ಪ್ರವಾಸದ ಕ್ಯಾಮೆರಾ ಚೀಲ: ಏನನ್ನು ಒಯ್ಯಬೇಕು, ಏನನ್ನು ಮನೆಯಲ್ಲೇ ಬಿಡಬೇಕು

ದಸರಾ ರಜೆ ಹತ್ತಿರವಾಗುತ್ತಿದ್ದಂತೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: ಪ್ರವಾಸಕ್ಕೆ ಹಗುರವಾದ ಕ್ಯಾಮೆರಾ ಯಾವುದನ್ನು ಕೊಳ್ಳಲಿ? ಡಿಸೆಂಬರ್‌ನಲ್ಲಿ ಅದೇ ಪ್ರಶ್ನೆ, ಬೇಸಿಗೆ ರಜೆಗೆ ಮುಂಚೆ ಮತ್ತೆ ಅದೇ. ಒಂದು ಮಾದರಿಯ ಹೆಸರು ಹೇಳಿ ಮುಗಿಸುವುದು ಸುಲಭ. ಆದರೆ ಹೆಗಲು ನೋಯಿಸುವುದು ಕ್ಯಾಮೆರಾ ಒಂದೇ ಅಲ್ಲ. ‘ಇರಲಿ, ಬೇಕಾದೀತು’ ಎಂದು ಚೀಲಕ್ಕೆ ತುರುಕಿದ ಮೂರನೆಯ ಲೆನ್ಸು ಮತ್ತು ಊರಿಂದ ಊರಿಗೆ ಹೊತ್ತರೂ ಒಮ್ಮೆಯೂ ಬಿಚ್ಚದ ಟ್ರೈಪಾಡು. ಬದಲಿ ಸಲಕರಣೆಯ ಕಥೆಯೂ ಹೀಗೆಯೇ. ಎರಡನೆಯ ಕ್ಯಾಮೆರಾ ಬೇಕೇ ಎಂದು ಕೇಳುವವರು ಬಹಳ ಮಂದಿ, ತೆಗೆದ ಚಿತ್ರಗಳ ಎರಡನೆಯ ಪ್ರತಿಯನ್ನು ಎಲ್ಲಿಡಬೇಕು ಎಂದು ಕೇಳುವವರು ವಿರಳ. ಕ್ಯಾಮೆರಾ ಹೋದರೆ ಇನ್ನೊಂದನ್ನು ಕೊಳ್ಳಬಹುದು. ಅಜ್ಜಿಯನ್ನು ಕರೆದುಕೊಂಡು ಹೋದ ಕಾಶಿಯಾತ್ರೆಯ ಚಿತ್ರಗಳನ್ನು ಯಾವ ಅಂಗಡಿಯಲ್ಲಿ ಕೊಳ್ಳುವುದು?

ಇದು ಹವ್ಯಾಸಕ್ಕಾಗಿ ಚಿತ್ರ ತೆಗೆಯುವವರಿಗೆ ಬರೆದದ್ದು. ಮದುವೆ ಚಿತ್ರಗಳಿಗೆ ಹಣ ಪಡೆಯುವವರ ಲೆಕ್ಕಾಚಾರ ಬೇರೆ.

1. ಮೊದಲು ತಕ್ಕಡಿ, ಆಮೇಲೆ ಅಂಗಡಿ

ಕ್ಯಾಮೆರಾ ಆರಿಸುವ ಮುನ್ನ ಎಷ್ಟು ತೂಕ ಹೊರುತ್ತೀರಿ ಎಂದು ನಿರ್ಧರಿಸಿ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯ ಕೈಚೀಲಕ್ಕೆ 7 ಕೆ.ಜಿ. ಮಿತಿ ಇರುತ್ತದೆ. ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು, ಕ್ಯಾಮೆರಾವನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕುವ ಧೈರ್ಯ ಯಾರಿಗೂ ಇರುವುದಿಲ್ಲ. ಹಾಗಾಗಿ ಬಟ್ಟೆ, ಔಷಧಿ, ಮಗುವಿನ ತಿಂಡಿಗಳ ನಡುವೆ ಉಳಿಯುವ ಜಾಗವೇ ನಿಮ್ಮ ಪಾಲು.

ನನ್ನ ಲೆಕ್ಕ ಹೀಗಿದೆ: ಹಂಪಿಯಂತಹ, ಬಿಸಿಲಲ್ಲಿ ದಿನವಿಡೀ ನಡೆಯಬೇಕಾದ ಜಾಗಕ್ಕೆ ಚಾರ್ಜರ್ ಸೇರಿ ಎಲ್ಲವೂ 2 ಕೆ.ಜಿ.ಯೊಳಗೆ ಇರಬೇಕು. ಕುಮಾರ ಪರ್ವತದಂತಹ ಚಾರಣಕ್ಕೆ ಒಂದೂಕಾಲು ಕೆ.ಜಿ. ದಾಟಬಾರದು, ಏಕೆಂದರೆ ಅಲ್ಲಿ ನೀರನ್ನೂ ನೀವೇ ಹೊರಬೇಕು. ಈಗಾಗಲೇ ಸಲಕರಣೆ ಇರುವವರು ಎಲ್ಲವನ್ನೂ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ ಬರೆದುಕೊಳ್ಳಿ. ಖಾಲಿ ಚೀಲವನ್ನೂ ತೂಗಿ. ದಪ್ಪ ಮೆತ್ತೆಯ ಕ್ಯಾಮೆರಾ ಚೀಲಗಳು ಒಂದು ಕೆ.ಜಿ. ಮೀರುವುದುಂಟು.

ವ್ಯತ್ಯಾಸ ಎಷ್ಟಿರುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ. ಕ್ಯಾನನ್ 5ಡಿ ಮಾರ್ಕ್ 4 ಎಂಬ ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿ ಇರುವ ಹಳೆಯ ಬಗೆಯ ಕ್ಯಾಮೆರಾ, ಬ್ಯಾಟರಿ ಸೇರಿ 890 ಗ್ರಾಂ ತೂಗುತ್ತದೆ. ಅದರ ಜೊತೆಗಾರ 24-70 ಎಫ್/2.8 ಲೆನ್ಸು ಇನ್ನೊಂದು 805 ಗ್ರಾಂ. (24-70 ಎಂಬುದು ಮಿ.ಮೀ.ಗಳಲ್ಲಿ ಝೂಮಿನ ಹರವು. ಸಂಖ್ಯೆ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಎಫ್ ಸಂಖ್ಯೆಯ ಅರ್ಥ ಮೂರನೆಯ ಹಂತದಲ್ಲಿದೆ.) ಕನ್ನಡಿಯಿಲ್ಲದ, ಮಿರರ್‌ಲೆಸ್ ಎಂದು ಕರೆಯುವ ಬಗೆಯ ಸೋನಿ ಎ6700 ಬ್ಯಾಟರಿ ಸೇರಿ 493 ಗ್ರಾಂ, ಅದಕ್ಕೆ ಹೊಂದುವ 18-135 ಲೆನ್ಸು 325 ಗ್ರಾಂ. ಮೊದಲ ಜೋಡಿಯ ಅರ್ಧಕ್ಕಿಂತ ಕಡಿಮೆ. ಅಷ್ಟೇ ಬೆಳಕು, ಅಷ್ಟೇ ಗುಣಮಟ್ಟ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಪ್ರವಾಸದ ಚಿತ್ರಗಳಿಗೆ ಸಾಲುವಷ್ಟು ಸಿಗುತ್ತದೆ.

2. ಸೆನ್ಸರ್ ಅಳತೆ

ಸೆನ್ಸರ್ ಎಂದರೆ ಹಿಂದಿನ ಫಿಲ್ಮಿನ ಜಾಗದಲ್ಲಿರುವ, ಬೆಳಕನ್ನು ಗ್ರಹಿಸುವ ಫಲಕ. ಇದು ದೊಡ್ಡದಾದಷ್ಟೂ ಮಬ್ಬು ಬೆಳಕಿನಲ್ಲಿ ಚಿತ್ರ ಸ್ವಚ್ಛವಾಗಿ ಬರುತ್ತದೆ, ಜೊತೆಗೆ ಲೆನ್ಸೂ ದಪ್ಪವಾಗುತ್ತದೆ. ಮಾರುಕಟ್ಟೆಯಲ್ಲಿ ಕಾಣುವ ಅಳತೆಗಳು ಮುಖ್ಯವಾಗಿ ನಾಲ್ಕು: ಫುಲ್ ಫ್ರೇಮ್ (36×24 ಮಿ.ಮೀ.), ಎಪಿಎಸ್-ಸಿ (ಸುಮಾರು 23.5×15.6), ಮೈಕ್ರೋ ಫೋರ್ ಥರ್ಡ್ಸ್ (17.3×13), ಒಂದು ಇಂಚಿನದು (13.2×8.8).

ಹೆಚ್ಚಿನವರು ಎಡವುವುದು ಫುಲ್ ಫ್ರೇಮ್ ಬಳಿ. ಅಂಗಡಿಯಲ್ಲಿ ಕ್ಯಾನನ್ ಆರ್8 ಕೈಗೆ ಕೊಡುತ್ತಾರೆ, 461 ಗ್ರಾಂ. ಸೋನಿ ಎ7ಸಿ 2 ಕೊಡುತ್ತಾರೆ, 514 ಗ್ರಾಂ. ಇಷ್ಟು ಹಗುರವೇ ಎಂದು ಬೆರಗಾಗಿ ಕೊಳ್ಳುತ್ತೀರಿ. ಆಮೇಲೆ ಲೆನ್ಸಿನ ಸರದಿ: ಸೋನಿಯ 24-105 ಎಫ್/4 ಒಂದೇ 663 ಗ್ರಾಂ. ಕ್ಯಾಮೆರಾದಲ್ಲಿ ಉಳಿಸಿದ ತೂಕವನ್ನು ಲೆನ್ಸು ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ತೂಕವನ್ನು ಯಾವಾಗಲೂ ಜೋಡಿಯಾಗಿಯೇ ನೋಡಿ.

ಬಹುತೇಕ ಓದುಗರಿಗೆ ನಾನು ಹೇಳುವುದು ಎಪಿಎಸ್-ಸಿ. ಸೋನಿ ಎ6700, ಫ್ಯೂಜಿಫಿಲ್ಮ್ ಎಕ್ಸ್-ಟಿ50 (438 ಗ್ರಾಂ), ಕ್ಯಾನನ್ ಆರ್50 (375 ಗ್ರಾಂ) ಈ ಗುಂಪಿನವು. ಮಲೆನಾಡಿನ ಮಳೆಯಲ್ಲಿ ಹೆಚ್ಚು ಓಡಾಡುವವರು ಮೈಕ್ರೋ ಫೋರ್ ಥರ್ಡ್ಸ್ ಗುಂಪಿನ ಒಎಂ ಸಿಸ್ಟಮ್ ಒಎಂ-5 ನೋಡಿ: 414 ಗ್ರಾಂ, ಐಪಿ53 ದರ್ಜೆಯ ನೀರು-ಧೂಳು ರಕ್ಷಣೆ, ಲೆನ್ಸುಗಳೂ ಪುಟ್ಟವು. ಲೆನ್ಸು ಬದಲಿಸುವ ಗೊಡವೆಯೇ ಬೇಡ ಎನ್ನುವವರಿಗೆ ಸೋನಿ ಆರ್‌ಎಕ್ಸ್100 ಸರಣಿಯ ಏಳನೆಯ ಮಾದರಿ ಇದೆ. 302 ಗ್ರಾಂ ತೂಕದಲ್ಲಿ, ಫುಲ್ ಫ್ರೇಮ್ ಲೆಕ್ಕದಲ್ಲಿ 24ರಿಂದ 200ರವರೆಗಿನ ಝೂಮ್. ರಿಕೊ ಜಿಆರ್ 3 ಇನ್ನೂ ಹಗುರ, 257 ಗ್ರಾಂ. ಅಂಗಿಯ ಜೇಬಿಗೆ ಹೋಗುತ್ತದೆ. ಝೂಮ್ ಇಲ್ಲ, ನೀವೇ ನಡೆದು ಹತ್ತಿರ ಹೋಗಬೇಕು. ಬೀದಿಯ ಚಿತ್ರಗಳನ್ನು ಇಷ್ಟಪಡುವವರಿಗೆ ಅದು ಕೊರತೆಯೆನಿಸುವುದಿಲ್ಲ.

3. ಲೆನ್ಸು ಎರಡೇ

ಬೇಲೂರಿನ ಚೆನ್ನಕೇಶವ ಗುಡಿಯನ್ನೇ ತೆಗೆದುಕೊಳ್ಳಿ. ಹೊರಗೋಡೆಯ ಮದನಿಕೆಯರು ಚಾಚಿದ ಚಾವಣಿಯ ಅಡಿಯಲ್ಲಿ, ತಲೆಯೆತ್ತಿ ನೋಡುವಷ್ಟು ಮೇಲಿದ್ದಾರೆ. ಅವರ ಮುಖ, ಒಡವೆ ಕಾಣಬೇಕಾದರೆ ಝೂಮಿನ ಉದ್ದ ತುದಿ ಬೇಕು. ಒಳಗೆ ಕಾಲಿಟ್ಟರೆ ನವರಂಗ ಮಬ್ಬು, ಕಂಬಗಳ ನುಣುಪು ಬಾಗಿಲಿನಿಂದ ಬರುವ ಬೆಳಕಿನಲ್ಲಷ್ಟೇ ಕಾಣುತ್ತದೆ. ಅಲ್ಲಿ ಹೆಚ್ಚು ಬೆಳಕು ಒಳಬಿಡುವ ಲೆನ್ಸು ಬೇಕು. ಪ್ರವಾಸದಲ್ಲಿ ಎದುರಾಗುವ ಬಹುತೇಕ ಸನ್ನಿವೇಶಗಳು ಇವೆರಡರಲ್ಲಿ ಒಂದಕ್ಕೆ ಸೇರುತ್ತವೆ. ಆದ್ದರಿಂದ ಉದ್ದ ಹರವಿನ ಒಂದು ಝೂಮ್, ಝೂಮ್ ಇಲ್ಲದ ಒಂದು ಪುಟ್ಟ ಲೆನ್ಸು ಸಾಕು. ಎರಡನೆಯದನ್ನು ಪ್ರೈಮ್ ಎನ್ನುತ್ತಾರೆ.

ಎಫ್ ಸಂಖ್ಯೆಯನ್ನು ಇಲ್ಲಿ ಅರ್ಥಮಾಡಿಕೊಳ್ಳಬೇಕು. ಅದು ಲೆನ್ಸಿನ ಕಿಂಡಿ ಎಷ್ಟು ಅಗಲ ತೆರೆಯುತ್ತದೆ ಎಂಬುದರ ಅಳತೆ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ಅಗಲ. ಕ್ಯಾಮೆರಾ ಜೊತೆಗೆ ಬರುವ ಝೂಮುಗಳು ಉದ್ದ ತುದಿಯಲ್ಲಿ ಎಫ್/5.6 ಅಥವಾ ಅದಕ್ಕಿಂತ ಕಿರಿದು. ಎಫ್/2 ಪ್ರೈಮ್ ಅದರ ಎಂಟು ಪಟ್ಟು ಬೆಳಕು ಒಳಬಿಡುತ್ತದೆ. ಝೂಮಿನಲ್ಲಿ ಸೆಕೆಂಡಿನ ಎಂಟನೆಯ ಒಂದು ಭಾಗ ಕೈ ಅಲುಗಾಡದೆ ನಿಲ್ಲಬೇಕಾದ ಕಡೆ, ಪ್ರೈಮಿನಲ್ಲಿ ಅರವತ್ತನೆಯ ಒಂದು ಭಾಗ ಸಾಕು. ಸೋನಿಯ 35 ಎಫ್/1.8 ತೂಗುವುದು 154 ಗ್ರಾಂ, ಫ್ಯೂಜಿಯ 23 ಎಫ್/2 ತೂಗುವುದು 180 ಗ್ರಾಂ. ಇಷ್ಟು ಕಡಿಮೆ ತೂಕಕ್ಕೆ ಇಷ್ಟು ಲಾಭ ಕೊಡುವ ವಸ್ತು ನಿಮ್ಮ ಚೀಲದಲ್ಲಿ ಬೇರೊಂದಿರುವುದಿಲ್ಲ.

ಕ್ಯಾಮೆರಾದೊಳಗೇ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಪ್ರೈಮ್ ಏಕೆ ಎಂದು ಕೇಳುವವರಿದ್ದಾರೆ. ಆ ವ್ಯವಸ್ಥೆ ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ಎದುರಿಗಿರುವವರ ಚಲನೆಯನ್ನಲ್ಲ. ಕಂಬ ಚೆನ್ನಾಗಿ ಬರುತ್ತದೆ. ಮಂಗಳಾರತಿ ತಟ್ಟೆ ಹಿಡಿದು ಬರುವ ಅರ್ಚಕರು ಮಸುಕಾಗುತ್ತಾರೆ.

ಹುಲಿ, ಹಕ್ಕಿಗಳ ಆಸೆ ಇದ್ದರೆ? ರಂಗನತಿಟ್ಟಿನಲ್ಲಿ ದೋಣಿ ಹಕ್ಕಿಗಳಿಗೆ ಸಾಕಷ್ಟು ಹತ್ತಿರ ಹೋಗುತ್ತದೆ, 18-135ರಂತಹ ಝೂಮಿನಲ್ಲೂ ಗೂಡು, ಗುಂಪುಗಳ ಚಿತ್ರ ಬರುತ್ತದೆ. ನಾಗರಹೊಳೆ, ಬಂಡೀಪುರಗಳಿಗೆ ಮಾತ್ರ ದೊಡ್ಡ ಟೆಲಿಫೋಟೊ, ಅಂದರೆ ದೂರದ್ದನ್ನು ಹತ್ತಿರ ತರುವ ಲೆನ್ಸು, ಬೇಕು. ವರ್ಷಕ್ಕೊಮ್ಮೆ ಕಾಡಿಗೆ ಹೋಗುವವರು ಅದನ್ನು ಕೊಳ್ಳುವುದಕ್ಕಿಂತ ಬೆಂಗಳೂರಿನಲ್ಲಿ ಬಾಡಿಗೆಗೆ ಪಡೆಯುವುದು ಜಾಣತನ. ಸಫಾರಿಯಲ್ಲಿ ಲೆನ್ಸಿನ ಉದ್ದ ನೋಡಿ ಕ್ಯಾಮೆರಾ ಶುಲ್ಕ ವಿಧಿಸುವುದುಂಟು, ಮೊದಲೇ ವಿಚಾರಿಸಿಕೊಳ್ಳಿ.

4. ಅಂಗಡಿಯಲ್ಲಿ ನೋಡಬೇಕಾದ್ದು

ಮೆಗಾಪಿಕ್ಸೆಲ್ ಬಗ್ಗೆ ಮಾರಾಟಗಾರರು ಹೇಳಿಯೇ ಹೇಳುತ್ತಾರೆ. ಅವರು ಹೇಳದೆ ಬಿಡುವುದನ್ನು ನೀವು ಕೇಳಬೇಕು.

ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇದೆಯೇ? ಹಂಪಿಯ ಮಧ್ಯಾಹ್ನದ ಬಿಸಿಲಲ್ಲಿ ಹಿಂದಿನ ಪರದೆ ಏನೂ ಕಾಣುವುದಿಲ್ಲ. ಸೋನಿ ಝಡ್‌ವಿ-ಇ10, ಫ್ಯೂಜಿ ಎಕ್ಸ್-ಎಂ5, ರಿಕೊ ಜಿಆರ್ 3 ಇವುಗಳಲ್ಲಿ ವ್ಯೂಫೈಂಡರ್ ಇಲ್ಲ. ಅಲುಗಾಟ ತಡೆ ಕ್ಯಾಮೆರಾದೊಳಗೇ ಇದೆಯೇ? ಎ6700, ಎಕ್ಸ್-ಟಿ50, ಒಎಂ-5ರಲ್ಲಿ ಇದೆ, ಆರ್50ರಲ್ಲಿ ಇಲ್ಲ. ಮಳೆಗೆ ರಕ್ಷಣೆ ಇದೆಯೇ? ಇದ್ದರೂ ಲೆನ್ಸಿಗೂ ಅದು ಇರಬೇಕು. ಒಂದಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ನೀರು ಸಂದಿಯನ್ನು ಹುಡುಕಿಕೊಳ್ಳುತ್ತದೆ. ಯುಎಸ್‌ಬಿ-ಸಿ ತಂತಿಯಿಂದ ಕ್ಯಾಮೆರಾದಲ್ಲೇ ಬ್ಯಾಟರಿ ಚಾರ್ಜ್ ಆಗುತ್ತದೆಯೇ? ಹಾಗಿದ್ದರೆ ಬೇರೆ ಚಾರ್ಜರ್ ಹೊರುವುದು ತಪ್ಪುತ್ತದೆ.

ಬಹಳ ಅಗ್ಗಕ್ಕೆ, ಬಿಲ್ಲಿಲ್ಲದೆ ಕೊಡುತ್ತೇವೆ ಎನ್ನುವವರ ಬಗ್ಗೆ ಎಚ್ಚರ. ಕಂಪನಿಯ ಭಾರತೀಯ ವಾರಂಟಿ ಇಲ್ಲದ ಕ್ಯಾಮೆರಾ ಕೆಟ್ಟರೆ ಉಳಿಸಿದ ಹಣ ಒಂದೇ ದುರಸ್ತಿಗೆ ಹೋಗುತ್ತದೆ. ಹಳೆಯದನ್ನು ಕೊಳ್ಳುವುದಾದರೆ ತಪ್ಪಿಲ್ಲ, ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಹಾಯಿಸಿ ಮುಂದಿನಿಂದ ನೋಡಿ. ಜೇಡರ ಬಲೆಯಂತೆ ಎಳೆಗಳು ಕಂಡರೆ ಅದು ಬೂಷ್ಟು, ಅಂಗಡಿಯವರ ಮಾತಿನಲ್ಲಿ ಫಂಗಸ್. ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ಬೇಡ.

5. ಬ್ಯಾಟರಿ

ಪುಟ್ಟ ಕ್ಯಾಮೆರಾಗಳ ದೊಡ್ಡ ಕೊರತೆ ಬ್ಯಾಟರಿ. ಡಿಎಸ್‌ಎಲ್‌ಆರ್ ಒಂದು ಚಾರ್ಜಿನಲ್ಲಿ ಸಾವಿರ ಚಿತ್ರ ತೆಗೆಯುತ್ತಿತ್ತು. ಹಗುರ ಮಿರರ್‌ಲೆಸ್‌ಗಳು ಕಂಪನಿಗಳು ಕೊಡುವ ಲೆಕ್ಕದ ಪ್ರಕಾರ ಸುಮಾರು 300ರಿಂದ 550. ಕ್ಯಾಮೆರಾದಲ್ಲಿರುವುದನ್ನು ಬಿಟ್ಟು ಒಂದು ಬಿಡಿ ಬ್ಯಾಟರಿ ಸಾಮಾನ್ಯ ಪ್ರವಾಸಕ್ಕೆ ಸಾಕು. ಚಾರಣಕ್ಕೆ, ವಿಡಿಯೊ ತೆಗೆಯುವವರಿಗೆ ಎರಡು. ಜೊತೆಗೆ 10,000 ಎಂಎಎಚ್ ಪವರ್ ಬ್ಯಾಂಕ್.

ವಿಮಾನದ ನಿಯಮ ಗೊತ್ತಿರಲಿ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಎರಡೂ ಚೆಕ್-ಇನ್ ಪೆಟ್ಟಿಗೆಯಲ್ಲಿ ಇರಕೂಡದು. ಬ್ಯಾಟರಿ ಹಿಡಿಯುವ ಶಕ್ತಿಯನ್ನು ವ್ಯಾಟ್-ಅವರ್‌ನಲ್ಲಿ ಅಳೆಯುತ್ತಾರೆ. 100 ವ್ಯಾಟ್-ಅವರ್‌ವರೆಗೆ ಅನುಮತಿ ಬೇಕಿಲ್ಲ. ಅದನ್ನು ಮೀರಿ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಪವರ್ ಬ್ಯಾಂಕಿನ ಎಂಎಎಚ್ ಅನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿದರೆ ವ್ಯಾಟ್-ಅವರ್ ಸಿಗುತ್ತದೆ. 10,000ಕ್ಕೆ 37, 20,000ಕ್ಕೆ 74. ಮೇಲಿನ ಅಕ್ಷರ ಅಳಿಸಿಹೋದ ಪವರ್ ಬ್ಯಾಂಕನ್ನು ತಪಾಸಣೆಯಲ್ಲಿ ತೆಗೆದಿಡುವ ಸಂಭವ ಇದೆ. ವಿಮಾನದೊಳಗೆ ಅದನ್ನು ಬಳಸುವ ನಿಯಮಗಳೂ ಬಿಗಿಯಾಗುತ್ತಿವೆ, ಟಿಕೆಟ್ ಜೊತೆಗಿನ ಸೂಚನೆ ಓದಿ. ಬಿಡಿ ಬ್ಯಾಟರಿಯ ಲೋಹದ ತುದಿಗಳು ನಾಣ್ಯ, ಬೀಗದ ಕೈಗಳಿಗೆ ತಾಗದಂತೆ ಮುಚ್ಚಳ ಹಾಕಿ ಅಥವಾ ಟೇಪ್ ಅಂಟಿಸಿ.

ಲಡಾಖ್, ಸ್ಪಿತಿ ಕಡೆ ಹೋಗುವವರಿಗೆ: ಚಳಿಯಲ್ಲಿ ಬ್ಯಾಟರಿ ಬೇಗ ಸೋಲುತ್ತದೆ. ಬಿಡಿಯದನ್ನು ಒಳಜೇಬಿನಲ್ಲಿ, ಮೈಶಾಖಕ್ಕೆ ತಾಗುವಂತೆ ಇಟ್ಟುಕೊಳ್ಳಿ. ಮುಗಿಯಿತು ಎಂದು ತೋರಿಸಿದ ಬ್ಯಾಟರಿ ಬೆಚ್ಚಗಾದ ಮೇಲೆ ಇನ್ನಷ್ಟು ಚಿತ್ರಗಳಿಗೆ ಒದಗುವುದುಂಟು.

6. ಮೆಮೊರಿ ಕಾರ್ಡ್

ಹಗುರ ಕ್ಯಾಮೆರಾಗಳಲ್ಲಿ ಹೆಚ್ಚಿನವಕ್ಕೆ ಕಾರ್ಡ್ ಹಾಕುವ ಕಿಂಡಿ ಒಂದೇ. ಎ6700, ಎಕ್ಸ್-ಟಿ50 ಎರಡೂ ಹಾಗೆಯೇ. ಅಂದರೆ ಚಿತ್ರ ತೆಗೆದ ಕ್ಷಣದಿಂದ ರಾತ್ರಿಯವರೆಗೆ ಅದರ ಪ್ರತಿ ಒಂದೇ. ಹೀಗಾಗಿ 256 ಜಿಬಿಯ ಒಂದು ಕಾರ್ಡಿಗಿಂತ 64 ಜಿಬಿಯ ಮೂರು ನಾಲ್ಕು ಕಾರ್ಡುಗಳು ಮೇಲು. ಒಂದು ಕೆಟ್ಟರೆ ಇಡೀ ಪ್ರವಾಸ ಹೋಗುವುದಿಲ್ಲ. ರಾ ಕಡತ, ಅಂದರೆ ಸೆನ್ಸರ್ ಕಂಡದ್ದನ್ನು ಕ್ಯಾಮೆರಾ ತನ್ನ ಅಡುಗೆ ಮಾಡದೆ ಹಸಿಯಾಗಿಯೇ ಉಳಿಸುವ ಕಡತ, 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒತ್ತಿದ ರೂಪದಲ್ಲಿ ಸುಮಾರು 30 ಎಂಬಿ. 64 ಜಿಬಿಗೆ ಎರಡು ಸಾವಿರದಷ್ಟು ಹಿಡಿಯುತ್ತವೆ.

ಕಾರ್ಡಿನ ಮೇಲೆ ವಿ30 ಎಂದಿದ್ದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುವ ಭರವಸೆ. ಪ್ರವಾಸಕ್ಕೆ ಅದು ಸಾಕು. ನಕಲಿ ಕಾರ್ಡುಗಳ ಕಾಟ ಬಹಳ. ಮೇಲೆ 128 ಎಂದು ಮುದ್ರಿಸಿ ಒಳಗೆ 16 ಇಟ್ಟಿರುತ್ತಾರೆ, ತುಂಬಿದ ಮೇಲೆ ಹೊಸ ಚಿತ್ರಗಳು ಸದ್ದಿಲ್ಲದೆ ಹಾಳಾಗುತ್ತವೆ. ಹೊಸ ಕಾರ್ಡ್ ತಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ. ಮ್ಯಾಕ್, ಲಿನಕ್ಸ್ ಬಳಸುವವರಿಗೆ ಎಫ್3 ಇದೆ.

ತುಂಬಿದ ಕಾರ್ಡನ್ನು ಡಬ್ಬಿಯಲ್ಲಿ ತಲೆಕೆಳಗಾಗಿ ಇಡುವ ಅಭ್ಯಾಸ ಮಾಡಿಕೊಳ್ಳಿ, ಖಾಲಿಯದು ಯಾವುದು ಎಂಬ ಗೊಂದಲ ಇರುವುದಿಲ್ಲ. ಆಕಸ್ಮಿಕವಾಗಿ ಅಳಿಸಿಹೋದರೆ ಆ ಕಾರ್ಡಿನಲ್ಲಿ ಮತ್ತೊಂದು ಚಿತ್ರವನ್ನೂ ತೆಗೆಯಬೇಡಿ. ಹೊರತೆಗೆದು ಪಕ್ಕಕ್ಕಿಡಿ, ಮನೆಗೆ ಬಂದ ಮೇಲೆ ಫೋಟೊರೆಕ್‌ನಂತಹ ಉಚಿತ ತಂತ್ರಾಂಶದಿಂದ ಬಹಳಷ್ಟನ್ನು ಮರಳಿ ಪಡೆಯಬಹುದು. ಅದರ ಮೇಲೆಯೇ ಹೊಸದನ್ನು ಬರೆದರೆ ಆ ದಾರಿಯೂ ಮುಚ್ಚುತ್ತದೆ.

7. ಪ್ರತಿ ರಾತ್ರಿಯ ನಕಲು

ಇಡೀ ಬರಹದಲ್ಲಿ ಒಂದೇ ಹಂತ ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಿ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಎಂಬ ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಪ್ರವಾಸದಲ್ಲಿ ಇದನ್ನು ಪೂರ್ತಿ ಸಾಧಿಸುವುದು ಕಷ್ಟ, ಮುಕ್ಕಾಲು ಪಾಲು ಸಾಧ್ಯ.

ಲ್ಯಾಪ್‌ಟಾಪ್ ಬೇಕಾಗಿಲ್ಲ. ಬೇಕಾದ್ದು ಒಂದು ಎಸ್‌ಎಸ್‌ಡಿ, ಕಾರ್ಡ್ ಓದುವ ಕಿಂಡಿ ಇರುವ ಒಂದು ಪುಟ್ಟ ಯುಎಸ್‌ಬಿ-ಸಿ ಹಬ್ (ಹಲವು ಸಾಧನಗಳನ್ನು ಫೋನಿಗೆ ಒಟ್ಟಿಗೆ ಜೋಡಿಸುವ ಡಬ್ಬಿ), ನಿಮ್ಮ ಮೊಬೈಲ್. ಎಸ್‌ಎಸ್‌ಡಿ ಎಂದರೆ ಒಳಗೆ ತಿರುಗುವ ಭಾಗಗಳಿಲ್ಲದ ಡಿಸ್ಕ್, ಬಸ್ಸಿನ ಕುಲುಕಾಟಕ್ಕೆ ಹೆದರುವುದಿಲ್ಲ. ಸ್ಯಾಮ್‌ಸಂಗ್ ಟಿ7 ತೂಗುವುದು 58 ಗ್ರಾಂ. ಹೊರಡುವ ಮುನ್ನ ಅದನ್ನು ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ, ಮೊಬೈಲ್ ಮತ್ತು ಕಂಪ್ಯೂಟರ್ ಎರಡೂ ಓದುತ್ತವೆ. ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ, ಐಫೋನ್ 15 ಮತ್ತು ಅನಂತರದವುಗಳಲ್ಲಿ ಈ ಜೋಡಣೆ ನೇರವಾಗಿ ನಡೆಯುತ್ತದೆ.

ಕೋಣೆಗೆ ಬಂದ ಕೂಡಲೇ ಕೈಕಾಲು ತೊಳೆಯುವ ಮೊದಲು ಇದನ್ನು ಶುರುಮಾಡಿ. ಹಬ್ಬನ್ನು ಫೋನಿಗೆ ಸಿಕ್ಕಿಸಿ, ಅದಕ್ಕೆ ಕಾರ್ಡ್ ಮತ್ತು ಎಸ್‌ಎಸ್‌ಡಿ ಎರಡನ್ನೂ ಜೋಡಿಸಿ. ಎಸ್‌ಎಸ್‌ಡಿಯಲ್ಲಿ ದಿನಾಂಕ, ಊರಿನ ಹೆಸರಿನ ಕಡತಕೋಶ ಮಾಡಿ ಎಲ್ಲವನ್ನೂ ನಕಲಿಸಿ. ‘ಕಟ್’ ಅಲ್ಲ, ‘ಕಾಪಿ’. ಮುಗಿದ ಮೇಲೆ ಎರಡೂ ಕಡೆ ಕಡತಗಳ ಸಂಖ್ಯೆ ಹೊಂದುತ್ತದೆಯೇ ನೋಡಿ, ಮೊದಲನೆಯ, ನಡುವಿನ, ಕೊನೆಯ ಚಿತ್ರಗಳನ್ನು ಪೂರ್ತಿ ತೆರೆದು ನೋಡಿ. ಪುಟ್ಟ ತೋರುಚಿತ್ರ ಕಂಡಿತೆಂದು ತೃಪ್ತರಾಗಬೇಡಿ. ಒಳಗೆ ಹಾಳಾದ ಕಡತಕ್ಕೂ ತೋರುಚಿತ್ರ ಕಾಣುವುದುಂಟು.

ಬೇರೆ ಜಾಗದ ಪ್ರತಿಗೆ ಎಲ್ಲ ರಾ ಕಡತಗಳನ್ನೂ ಕ್ಲೌಡಿಗೆ ಏರಿಸುವ ಹಟ ಬೇಡ. ಮಲೆನಾಡಿನ ಹೋಮ್‌ಸ್ಟೇ ವೈಫೈ ಅದನ್ನು ತಾಳುವುದಿಲ್ಲ. ದಿನದ ಅತ್ಯುತ್ತಮ ಹತ್ತಿಪ್ಪತ್ತನ್ನು ಜೆಪೆಗ್ ರೂಪದಲ್ಲಿ ಏರಿಸಿ. ಗೂಗಲ್ ಖಾತೆಯ ಉಚಿತ 15 ಜಿಬಿಯಲ್ಲಿ ಮಿಂಚಂಚೆಯೂ ಪಾಲುದಾರ ಎನ್ನುವುದು ನೆನಪಿರಲಿ.

ಇನ್ನು ಬಹಳ ಜನ ಮಾಡುವುದು: ಎಸ್‌ಎಸ್‌ಡಿಯನ್ನು ಕ್ಯಾಮೆರಾ ಚೀಲದಲ್ಲೇ ಇಡುವುದು. ಚೀಲ ಕಳುವಾದರೆ ಮೂಲವೂ ನಕಲೂ ಒಟ್ಟಿಗೇ ಹೋಗುತ್ತವೆ. ಎಸ್‌ಎಸ್‌ಡಿ ಬಟ್ಟೆ ಚೀಲದಲ್ಲಿರಲಿ, ಇಲ್ಲವೇ ಜೊತೆಗಿರುವವರ ಬಳಿ ಇರಲಿ. ಎರಡು ಪ್ರತಿಗಳು ಮನೆ ಸೇರುವವರೆಗೆ ಯಾವ ಕಾರ್ಡನ್ನೂ ಅಳಿಸಬೇಡಿ.

8. ಎರಡನೆಯ ಕ್ಯಾಮೆರಾ

ಬೇಡ. ಅದು ನಿಮ್ಮ ಜೇಬಿನಲ್ಲಿ ಈಗಾಗಲೇ ಇದೆ. ಮೊಬೈಲಿನಲ್ಲಿ ರಾ ತೆಗೆಯುವ ಆಯ್ಕೆ ಎಲ್ಲಿದೆ ಎಂದು ಮನೆಯಲ್ಲೇ ಹುಡುಕಿಟ್ಟುಕೊಳ್ಳಿ, ಹತ್ತಿಪ್ಪತ್ತು ಜಿಬಿ ಜಾಗ ಖಾಲಿ ಮಾಡಿ, ತೆಗೆಯುವ ಮುನ್ನ ಅದರ ಗಾಜು ಒರೆಸಿ. ಬೆರಳಿನ ಎಣ್ಣೆ ಅಂಟಿದ ಮೊಬೈಲ್ ಗಾಜಿನಿಂದ ಹಾಳಾಗುವ ಚಿತ್ರಗಳಿಗೆ ಲೆಕ್ಕವಿಲ್ಲ.

ಗಂಡ ಹೆಂಡತಿ ಇಬ್ಬರೂ ಚಿತ್ರ ತೆಗೆಯುವವರಾದರೆ ಒಂದೇ ಕಂಪನಿಯ, ಒಂದೇ ಬ್ಯಾಟರಿಯ ಕ್ಯಾಮೆರಾಗಳನ್ನು ಕೊಳ್ಳಿ. ಉದಾಹರಣೆಗೆ ಸೋನಿ ಎ6700, ಎ7ಸಿ 2 ಎರಡಕ್ಕೂ ಎನ್‌ಪಿ-ಎಫ್‌ಝಡ್100 ಬ್ಯಾಟರಿಯೇ. ಒಬ್ಬರದು ಕೆಟ್ಟರೆ ಲೆನ್ಸು, ಬ್ಯಾಟರಿ ಎಲ್ಲವೂ ಇನ್ನೊಬ್ಬರಿಗೆ ಒದಗುತ್ತವೆ. ಮತ್ತೆ ಸಿಗದ ಪ್ರವಾಸಕ್ಕೆ, ಮಾನಸಸರೋವರದಂತಹದಕ್ಕೆ, ಒಂದು ಜೇಬಿನ ಕ್ಯಾಮೆರಾ ಹೆಚ್ಚುವರಿಯಾಗಿ ಇದ್ದರೆ ನಾನು ಜಗಳ ತೆಗೆಯುವುದಿಲ್ಲ.

9. ಮಳೆ, ತೇವ, ಧೂಳು, ಟ್ರೈಪಾಡು

ಆಗುಂಬೆಯ ಮಳೆಗೆ ಅತ್ಯುತ್ತಮ ಸಲಕರಣೆ ಕೊಡೆ. ಕ್ಯಾಮೆರಾಗೆ ಹೊದಿಸಲು ಒಂದು ದಪ್ಪ ಪ್ಲಾಸ್ಟಿಕ್ ಚೀಲ, ಲೆನ್ಸಿನ ಬಾಯಿಗೆ ರಬ್ಬರ್ ಬ್ಯಾಂಡ್, ಒರೆಸಲು ಹಳೆಯ ಹತ್ತಿ ಪಂಚೆಯ ತುಂಡು. ಗಾಜಿಗೆ ಮಾತ್ರ ಮೈಕ್ರೋಫೈಬರ್ ಬಟ್ಟೆಯೇ ಬೇಕು. ಮಂಗಳೂರು, ಕಾರವಾರಗಳಲ್ಲಿ ಎಸಿ ಕೋಣೆಯಿಂದ ಹೊರಬಂದ ಕೂಡಲೇ ಲೆನ್ಸಿನ ಮೇಲೆ ಹನಿ ಕಟ್ಟುತ್ತದೆ. ಚೀಲದೊಳಗೇ ಅರ್ಧ ಗಂಟೆ ಬಿಟ್ಟು, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆಗೆಯಿರಿ. ಕಡಲ ತೀರದಿಂದ ಬಂದ ಮೇಲೆ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಹೊರಮೈ ಒರೆಸಿ, ಉಪ್ಪು ಲೋಹವನ್ನು ತಿನ್ನುತ್ತದೆ.

ಧೂಳಿನ ಜಾಗದಲ್ಲಿ ಲೆನ್ಸು ಬದಲಿಸುವಾಗ ಗಾಳಿಗೆ ಬೆನ್ನು ಮಾಡಿ, ಕ್ಯಾಮೆರಾ ಆಫ್ ಮಾಡಿ, ಅದರ ಬಾಯಿ ಕೆಳಮುಖವಾಗಿರಲಿ. ಮನೆಗೆ ಬಂದ ಮೇಲೆ ಎಲ್ಲವನ್ನೂ ಒಣಗಿಸಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೇ ಬಿಟ್ಟರೆ ಬೂಷ್ಟು ಖಂಡಿತ.

ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮುಂಗಡ ಅನುಮತಿ ಬೇಕು. ಹಂಪಿ, ಬಾದಾಮಿ, ಪಟ್ಟದಕಲ್ಲುಗಳಿಗೆ ಅದನ್ನು ಹೊತ್ತೊಯ್ದು ಬಾಗಿಲಲ್ಲಿ ಬಿಟ್ಟುಹೋಗಬೇಕಾಗಿ ಬರುತ್ತದೆ. ಮತಂಗ ಬೆಟ್ಟದ ಮೇಲಿನ ಸೂರ್ಯೋದಯಕ್ಕೆ ಬಂಡೆಯ ಮೇಲೆ ಮಡಚಿದ ಟವೆಲ್ಲಿಟ್ಟು ಅದರ ಮೇಲೆ ಕ್ಯಾಮೆರಾ ಊರಿ, ಎರಡು ಸೆಕೆಂಡಿನ ಟೈಮರ್ ಹಾಕಿದರೆ ಕೆಲಸ ಆಗುತ್ತದೆ.

10. ಹೊರಡುವ ವಾರ

ಹೊಸ ಕ್ಯಾಮೆರಾವನ್ನು ಹೊರಡುವ ಹಿಂದಿನ ದಿನ ಕೊಳ್ಳಬೇಡಿ. ಚೀಲವನ್ನು ಪೂರ್ತಿ ಕಟ್ಟಿಕೊಂಡು ನಿಮ್ಮೂರಿನ ಸಂತೆಯಲ್ಲೋ ಲಾಲ್‌ಬಾಗಿನಲ್ಲೋ ಅರ್ಧ ದಿನ ಓಡಾಡಿ, ಸಂಜೆ ಏಳನೆಯ ಹಂತದ ನಕಲನ್ನೂ ಮಾಡಿ ನೋಡಿ. ಹಬ್ ಫೋನಿಗೆ ಹೊಂದುವುದಿಲ್ಲ ಎನ್ನುವುದು ಮನೆಯಲ್ಲಿ ಗೊತ್ತಾದರೆ ಬದಲಿಸಬಹುದು. ಆ ಅರ್ಧ ದಿನದಲ್ಲಿ ಹೊರತೆಗೆಯದ ವಸ್ತುವನ್ನು ಪಟ್ಟಿಯಿಂದ ಹೊಡೆದುಹಾಕಿ.

ಎ6700, 18-135, 35 ಎಫ್/1.8, ಒಂದು ಬಿಡಿ ಬ್ಯಾಟರಿ (83 ಗ್ರಾಂ), ಎಸ್‌ಎಸ್‌ಡಿ, ಪವರ್ ಬ್ಯಾಂಕ್, ಹಬ್, ಕಾರ್ಡುಗಳು, ಒರೆಸುವ ಬಟ್ಟೆ, ಕ್ಯಾಮೆರಾದ ಕೊರಳಪಟ್ಟಿ ಎಲ್ಲ ಸೇರಿ ಒಂದೂವರೆ ಕೆ.ಜಿ. ಆಸುಪಾಸಿನಲ್ಲಿ ನಿಲ್ಲುತ್ತದೆ. ಕ್ಯಾನನ್ ಆರ್50, 18-150 (310 ಗ್ರಾಂ), 28 ಎಫ್/2.8 (120 ಗ್ರಾಂ) ಆರಿಸಿದರೆ ಇನ್ನೂ ಕಡಿಮೆ, ಬೆಲೆಯೂ ಕಡಿಮೆ. ಚಾರಣದ ಮಿತಿಯೊಳಗೆ ಬರಲು ಎರಡು ಲೆನ್ಸುಗಳಲ್ಲಿ ಹೆಚ್ಚು ತೂಗುವುದನ್ನು ಮನೆಯಲ್ಲಿ ಬಿಡಿ.

ಕ್ಯಾಮೆರಾ, ಲೆನ್ಸುಗಳ ಕ್ರಮಸಂಖ್ಯೆ ಮತ್ತು ಬಿಲ್ಲಿನ ಚಿತ್ರ ತೆಗೆದು ನಿಮಗೆ ನೀವೇ ಮಿಂಚಂಚೆ ಮಾಡಿಕೊಳ್ಳಿ. ಕಳುವಾದರೆ ಪೊಲೀಸ್ ದೂರಿಗೂ ವಿಮೆಗೂ ಅದೇ ಆಧಾರ. ವಿದೇಶಕ್ಕೆ ದುಬಾರಿ ಸಲಕರಣೆ ಒಯ್ಯುವವರು ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆಯಬಹುದು. ಮರಳುವಾಗ ಇದನ್ನು ಅಲ್ಲೇ ಕೊಂಡಿರಾ ಎಂದು ಕೇಳಿದರೆ ತೋರಿಸಲು ಬೇಕಾಗುತ್ತದೆ. ಅದಕ್ಕಾಗಿ ನಿಲ್ದಾಣಕ್ಕೆ ಸ್ವಲ್ಪ ಬೇಗ ಹೋಗಿ, ವಸ್ತುಗಳನ್ನು ಚೀಲದ ಮೇಲ್ಭಾಗದಲ್ಲೇ ಇಟ್ಟುಕೊಂಡಿರಿ. ಕ್ರಮಸಂಖ್ಯೆಯನ್ನು ಅವರು ನೋಡಿ ಬರೆದುಕೊಳ್ಳುತ್ತಾರೆ.